ಹನ್ನೆರಡನೆಯ ಗೀಟು

ಸೋಹಾರಿನ ಶುಕ್ರವಾರದ ಸಂತೆಯಲ್ಲಿ
ಕೆಟ್ಟ ಮಿಕ್ಸಿ, ಒಂಟಿ ಸ್ಪೀಕರು, ಯಾರದೋ ಮಗುವಿನ ತೊಟ್ಟಿಲು,
ಇವುಗಳ ನಡುವೆ ಮಲಗಿತ್ತು ರಾಕೆಟ್ಟು.
ಮೊಣಕಾಲೆತ್ತರ. ಒಂದು ರೆಕ್ಕೆ ಇಲ್ಲ.
ಬಣ್ಣ ಹಳೇ ಸುಣ್ಣದ ಹಾಗೆ ಚಕ್ಕೆ ಎದ್ದಿದೆ.
ಬಲೂಚಿ ಮುದುಕ ಹೇಳಿದ: ಹೂದಾನಿ, ಎರಡು ರಿಯಾಲು.
ಹೂದಾನಿಗೆ ರೆಕ್ಕೆ ಯಾಕೆ ಎಂದು ನಾನು ಕೇಳಲಿಲ್ಲ,
ಎಂಟುನೂರು ಬೈಸಕ್ಕೆ ಇಳಿಸಿದೆ.

ಶಾಲೆಯ ಲ್ಯಾಬಿನಲ್ಲಿ ನನ್ನ ಕೆಲಸ
ಬೀಕರು ತೊಳೆಯುವುದು, ಆಸಿಡ್ ಕಪಾಟಿನ ಕೀಲಿ ಕಾಯುವುದು.
ಐದರ ಮೇಲೆ ಟೇಬಲ್ಲು ನನ್ನದು.
ಸೆಕೆಗೆ ಮೂತಿ ಕೊಳವೆಗೆ ಕಚ್ಚಿಕೊಂಡಿತ್ತು.
ಕೆಟಲಿನ ಹಬೆ ಹಿಡಿದು, ತಿರುವಿ, ಬಿಟ್ಟು, ಮತ್ತೆ ತಿರುವಿ,
ಒಣಗಿದ ಗಾಯದ ಪಟ್ಟಿ ಬಿಚ್ಚುವ ಹಾಗೆ ಬಿಡಿಸಿದೆ.
ಮೂತಿಯ ಕೊರಳಲ್ಲಿ, ಕೊಳವೆಯೊಳಗೆ ಅಡಗುವ ಜಾಗದಲ್ಲಿ
ಪೆನ್ಸಿಲಿನ ಗೀಟುಗಳು:
ನಾಲ್ಕು ನಿಂತದ್ದು, ಒಂದು ಅಡ್ಡ,
ಮತ್ತೆ ನಾಲ್ಕು, ಒಂದು ಅಡ್ಡ,
ಆಮೇಲೊಂದು.

ಹನ್ನೊಂದು ಸಲ ಹೋಗಿ ಬಂದಿದೆ ಇದು.
ಬರೀ ಹೋದದ್ದಕ್ಕೆ ಗೀಟಿಲ್ಲ,
ಗೀಟೆಳೆಯಲು ಕೊರಳು ವಾಪಸು ಬರಬೇಕು.
ಎಳೆದವರು ಯಾರೋ.
ವೀಸಾ ಮುಗಿದವರ ಸಾಮಾನು ಸಂತೆಗೆ ಬರುತ್ತದೆ,
ಹೆಸರು ಬರುವುದಿಲ್ಲ.

ರೆಕ್ಕೆಗೆ ಹೊಸ ಬಾಲ್ಸಾ. ಮರದ ಎಳೆ ಎತ್ತ ಓಡಿದೆ ನೋಡಿ ಕೊಯ್ಯಬೇಕು,
ಏಳನೇ ಕ್ಲಾಸಿನ ಜೊವಿಟಾ ಮೂರು ಹಾಳು ಮಾಡಿ ನಾಲ್ಕನೆಯದನ್ನು ಕಲಿತಳು.
ಪ್ಯಾರಾಚೂಟಿಗೆ ಟೈಲರ್ ಇದಿನಬ್ಬರು
ಊರಿಂದ ತಂದು ಇಲ್ಲಿ ಒಮ್ಮೆಯೂ ಬಿಡಿಸದ ಕೊಡೆ ಕತ್ತರಿಸಿದರು,
ದಿಶ್‌ದಾಶದ ಕೊರಳಿಗೆ ಹಾಕುವ ಸಣ್ಣ ಹೊಲಿಗೆಯಲ್ಲಿ ಅಂಚು ಮಡಚಿದರು.
ಕೂಲಿ ಕೇಳಿದೆ.
ಬೀಳುವವನಿಂದ ದುಡ್ಡು ತಗೊಂಡರೆ ಬರ್ಕತ್ ಇಲ್ಲ ಮಾರಾಯ್ರೆ, ಎಂದರು.

ಮೋಟಾರಿಗೆ ಮಾತ್ರ ನಾಲ್ಕು ತಿಂಗಳು.
ಕಚೇರಿ, ಕಾಗದ, ಸೀಲು, ಮತ್ತೊಂದು ಕಚೇರಿ.
ಉದ್ದೇಶ ಎಂಬ ಗೆರೆಯ ಮುಂದೆ ಪ್ರಿನ್ಸಿಪಾಲರು ಶಿಕ್ಷಣ ಎಂದು ತುಂಬಿದರು.
ನನ್ನ ಕೈಗೆ ಬಂದಿದ್ದರೆ ಖಾಲಿ ಬಿಡುತ್ತಿದ್ದೆ.
ಸಿಕ್ಕಿದ್ದು ಮೂರೇ ಮೂರು, ಹೆಬ್ಬೆರಳ ಗಾತ್ರ.

ವಾದಿಯ ಒಣ ಪಾತ್ರದಲ್ಲಿ, ಕಡಲ ಗಾಳಿ ಏಳುವ ಮೊದಲು,
ಕಂಬಿ ನೆಟ್ಟು, ತಂತಿ ಎಳೆದು, ಹತ್ತರಿಂದ ಕೆಳಗೆ ಎಣಿಸಿ
ಗುಂಡಿ ಒತ್ತಿದೆ.
ಏನೂ ಆಗಲಿಲ್ಲ.

ಹೊತ್ತದಿದ್ದರೆ ಒಂದು ನಿಮಿಷ ಹತ್ತಿರ ಸುಳಿಯಬಾರದು, ಅದು ನಿಯಮ.
ಹದಿನಾಲ್ಕು ವರ್ಷ ಈ ನೆಲದಲ್ಲಿ ಕಾದಿದ್ದೇನೆ:
ಸಂಬಳಕ್ಕೆ, ರಜೆಗೆ, ಗಾಜಿನ ಹಿಂದೆ ಕೂತವನು ತಲೆ ಎತ್ತುವುದಕ್ಕೆ.
ಈ ಅರವತ್ತು ಸೆಕೆಂಡು ಬೇರೆ ಜಾತಿಯದು.
ಮೇಕೆಗಳ ಗಂಟೆ ಕೇಳುತ್ತಿತ್ತು.
ಇದಿನಬ್ಬರು ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದರು.
ಜೊವಿಟಾ ಮಾತ್ರ ಗಟ್ಟಿಯಾಗಿ ಎಣಿಸುತ್ತಿದ್ದಳು, ಈ ಸಲ ಮೇಲಕ್ಕೆ.

ಕ್ಲಿಪ್ಪಿಗೆ ಉಪ್ಪುಗಾಳಿಯ ತುಕ್ಕು.
ಕೆರೆದು ಸಿಕ್ಕಿಸಿ, ಹಿಂದೆ ಸರಿದು, ಮತ್ತೆ ಒತ್ತಿದೆ.

ಥಾನಿನ ಬಟ್ಟೆ ಸರ್ರನೆ ಹರಿದ ಸದ್ದು,
ಅಷ್ಟೆ. ಕಂಬಿ ಬರಿದು.
ಕಣ್ಣು ಅದನ್ನು ಹುಡುಕುವ ಹೊತ್ತಿಗೆ
ಅದು ತನ್ನ ಕೆಲಸ ಮುಗಿಸಿ ಮೇಲೊಂದು ಗಳಿಗೆ ಸುಮ್ಮನಿತ್ತು.
ಆಮೇಲೆ ಟಪ್ ಎಂದಿತು. ಕೊಡೆ ಬಿಚ್ಚಿತು.
ಹಜರ್ ಬೆಟ್ಟದ ಮೇಲೆ ಕಪ್ಪು ಕೊಡೆ,
ಅದರಂಚಲ್ಲಿ ಹಂಪನಕಟ್ಟೆಯ ಯಾವುದೋ ಅಂಗಡಿಯ ಹೆಸರು, ಅರ್ಧ.
ಇಷ್ಟು ಬಿಸಿಲು ನೋಡಿದ ಮಳೆಗಾಲದ ಅಕ್ಷರ ಬೇರೆ ಇರಲಿಕ್ಕಿಲ್ಲ.

ಜಾಲಿಮರಕ್ಕೆ ಸಿಕ್ಕಿ ನೇತಾಡುತ್ತಿತ್ತು.
ನಾವು ಓಡಿ ಮುಟ್ಟುವಷ್ಟರಲ್ಲಿ
ಹಿಂಗಾಲ ಮೇಲೆ ನಿಂತ ಮೇಕೆಯೊಂದು ಎರಡು ದಾರ ತಿಂದಾಗಿತ್ತು.

ನೆರಳಲ್ಲಿ ಕೂತು ಮೂತಿ ಕಳಚಿ
ಪೆನ್ಸಿಲನ್ನು ಜೊವಿಟಾಗೆ ಕೊಟ್ಟೆ.
ಅವರು ಹಾಕಿದ ಹಾಗೇ ಹಾಕಲಾ ಸರ್, ಇಲ್ಲಾ ನನ್ನ ಹಾಗಾ?
ನಿನ್ನ ಹಾಗೆ, ಎಂದೆ.
ತುಸು ವಾಲಿ ಬಂತು, ಪಕ್ಕದ ಗೀಟಿಗೆ ಒರಗಿದ ಹಾಗೆ.

ಇನ್ನೆರಡು ಮೋಟಾರು ಆಸಿಡ್ಡಿನಿಂದ ದೂರದ ಕಪಾಟಿನಲ್ಲಿವೆ.
ಆ ಕೀಲಿಯೂ ನನ್ನಲ್ಲೇ ಇದೆ.