ಗೇಣು

ಇವತ್ತಿನ ಪಾಠ ಉದ್ದ.
ಸಾಲಿಯಲ್ಲಿ ಉಳಿದಿರುವ ಒಂದೇ ಸ್ಕೇಲು
ಏಳರಿಂದ ಶುರುವಾಗುತ್ತದೆ,
ಮೊದಲ ಆರು ಸೆಂಟಿಮೀಟರು
ಯಾರ ಪಾಟೀಚೀಲದಲ್ಲಿವೆಯೋ.

ಹಂಗಾದರೆ ಕೈ ತೋರಿಸಿ ಅಂದೆ.
ಒಂದು, ಎರಡು, ಮೂರು ಇಯತ್ತೆ ಒಂದೇ ಕೋಣೆ,
ಹಾಜರಿ ಮೂವತ್ತೊಂದು, ಗೈರು ಇಬ್ಬರು.
ಅರವತ್ತೆರಡು ಕೈ ಮೇಲೆದ್ದವು.
ಒಂದರಲ್ಲಿ ಮದರಂಗಿ,
ಒಂದರಲ್ಲಿ ದಾಳಿಂಬೆ ಸಿಪ್ಪೆಯ ಕಪ್ಪು,
ಒಂದರ ಮಣಿಕಟ್ಟಿಗೆ ಪೆನ್ನಿನಿಂದ ಬರೆದ ವಾಚು:
ಹತ್ತೂ ಹತ್ತು.
ಅದರಲ್ಲಿ ಯಾವಾಗಲೂ ಹತ್ತೂ ಹತ್ತು.

ಹೆಬ್ಬೆರಳಿನಿಂದ ಕಿರುಬೆರಳಿನ ತನಕ, ಇದು ಗೇಣು.
ಈ ಗೋಡೆ ಎಷ್ಟು ಗೇಣು, ಅಳೀರಿ.

ಅಪ್ಪನ ಚಪ್ಪಲಿ ಮೆಟ್ಟಿ ಬರುವ ಯಮನೂರ
ಹಲ್ಲಿಯಂತೆ ಅಂಟಿಕೊಂಡು ಹೊರಟ.
ಮೂವತ್ಮೂರು.
ಅವನ ಹಿಂದೆಯೇ ರಾಜಾಬಕ್ಷಿ.
ಮೂವತ್ತಾರು.
'ನಡುವ ಜಿಗಿತಾನ್ರೀ ಟೀಚರ್ ಇಂವ.'
'ನೀ ಇಟ್ಟಲ್ಲೇ ಇಡ್ತಿ.'
ಇಬ್ಬರೂ ನನ್ನ ಮುಖ ನೋಡಿದರು,
ಸುಳ್ಳು ಯಾರದು, ಈಗಲೇ ಹೇಳು ಎಂಬಂತೆ.
ತಾಂಡಾದ ಸೋಮಲಿ ಏಕ್, ದೀ, ತೀನ್ ಅಂತ ಎಣಿಸಿ
ಮೂಲೆಗೆ ಬಂದು ನಿಂತಳು, ಕಣ್ಣು ಮುಚ್ಚಿ.
ಗೋಡೆ ಅಳೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು
ಅದನ್ನು ಕನ್ನಡಕ್ಕೆ ತರಲು.

ಹುಲಿಗೆಮ್ಮ ಒಂದನೆಯ ಇಯತ್ತೆ.
ಅವಳ ಲೆಕ್ಕ ಇಪ್ಪತ್ತಕ್ಕೆ ಮುಗಿಯುತ್ತದೆ.
ಇಪ್ಪತ್ತಾದಲ್ಲಿ ನೀಲಿ ಚಾಕ್‌ಪೀಸಿನ ಒಂದು ಗೀಟು,
ಮತ್ತೆ ಒಂದರಿಂದ.
ಇನ್ನೊಂದು ಗೀಟು.
'ಎರಡು ಸಲ ಇಪ್ಪತ್ರೀ, ಮ್ಯಾಲ ಎಂಟು.'
ಕೋಣೆಯೆಲ್ಲ ನಕ್ಕಿತು.
ಅವಳು ತಿರುಗಿ, ಲಂಗಕ್ಕೆ ಕೈ ಒರೆಸುತ್ತ,
'ಎಲ್ಲಾರ್ಕಿಂತ ನಂದ ದೊಡ್ಡ ಸಾಲಿ' ಅಂದಳು.

ನಗು ಅರ್ಧಕ್ಕೇ ನಿಂತಿತು.
ರಾಜಾಬಕ್ಷಿ ಬೆರಳು ಮಡಚಿ
ಗೇಣನ್ನು ಆದಷ್ಟು ಸಣ್ಣದು ಮಾಡಿಕೊಂಡು
ಮತ್ತೆ ಮೊದಲಿನಿಂದ ಶುರು ಹಚ್ಚಿದ.

ಕಿಟಕಿಗೆ ಸಿಮೆಂಟು ಮೆತ್ತಲು ಬಂದಿದ್ದ ಪೀರಸಾಬ
ಕರಣಿ ಹಿಡಿದು ಬಾಗಿಲಲ್ಲೇ ನಿಂತಿದ್ದ.
ಒಂದು ಕಣ್ಣು ಮುಚ್ಚಿ ನೋಡಿದ:
'ಹದಿನೆಂಟು ಫೂಟಿಗೆ ಒಂದು ಇಂಚು ಕಡಿಮಿ.'

ನನ್ನ ಬ್ಯಾಗಿನಲ್ಲಿ ಹೊಲಿಗೆಯ ಟೇಪು ಇತ್ತು.
ಮೂರು ಸಲ ಪೂರ್ತಿ ಹಾಸಿ,
ನಾಲ್ಕನೆಯ ಸಲ ಮೂವತ್ತೈದಕ್ಕೆ ಗೋಡೆ ಮುಗಿಯಿತು.
ಯಮನೂರ ಕೈಬೆರಳು ಸಾಲದೆ ಚಪ್ಪಲಿ ಬಿಟ್ಟ.
ಕೂಡಿಸಿದ, ಅಳಿಸಿದ, ಕೂಡಿಸಿದ.
ಆಮೇಲೆ ಮೂವತ್ತೊಂದು ಮಕ್ಕಳೂ
ಪೀರಸಾಬನ ಆ ಒಂದು ಕಣ್ಣನ್ನೇ ನೋಡುತ್ತ ಕೂತರು.

'ನೀ ಇದ ಸಾಲಿಯೊಳಗ ಕಲ್ತಿದ್ದೇನ ಕಾಕಾ?'
'ಒಳಗಲ್ಲವಾ. ನಾ ಇದರ ಮ್ಯಾಲ ಇದ್ದೆ.
ಹನ್ನೊಂದು ವರ್ಷದಾವ. ಗಾರಿ ಬುಟ್ಟಿ ಹೊತ್ತು.'
'ಮತ್ತ ಒಂದು ಇಂಚು ಎಲ್ಲಿ ಹೋತು?'
ಕೇಳಿದವಳು ಹುಲಿಗೆಮ್ಮ.
ಕಳೆದದ್ದು ತನ್ನದೇ ಎಂಬಂತೆ.

ಪೀರಸಾಬ ಕರಣಿಯ ಅಂಚು ಸವರಿದ.
'ಮೇಸ್ತ್ರಿ ಬೀಡಿಗಂತ ಹ್ವಾದ.
ದಾರದ ತುದಿ ನನ್ನ ಕೈಯಾಗಿತ್ತು.
ಅತ್ಲಾಗ ಬೇವಿನ ಗಿಡದ ಕೆಳಗ
ನಿಮ್ಮಂಥಾರು ಏಳರ ಮಗ್ಗಿ ಹೇಳತಿದ್ರು.
ಹೊಳ್ಳಿ ನೋಡಿದೆ.
ಅಷ್ಟ.'

ಹೊರಗೆ ಗಂಗವ್ವ ತಾಟು ಬಡಿದಳು. ಇವತ್ತು ತತ್ತಿ.
ಗೇಣು ಇಂಚು ಎಲ್ಲ ಅಲ್ಲಲ್ಲೇ ಬಿದ್ದವು.
ಪೀರಸಾಬನ ತೋರುಬೆರಳು ಹಿಡಿದು
ಹುಲಿಗೆಮ್ಮ ಸಾಲಿನಲ್ಲಿ ಕೂಡಿಸಿದಳು.
ಗೈರಾದವರ ಪಾಲಿನದೊಂದು ತತ್ತಿ
ಅವನ ತಾಟಿಗೆ ಬಂತು.
ಉಪ್ಪು ಕೇಳಿ ಹಾಕಿಸಿಕೊಂಡ.
ಏಳೇಳ್ಲೇ ಎಷ್ಟು ಅಂತ ಯಾರೋ ಕೇಳಿದರು,
ಬಾಯಿ ತುಂಬಿತ್ತು,
ಕೈಯಲ್ಲೇ ತೋರಿಸಿದ:
ನಾಲ್ಕು, ಆಮೇಲೆ ಒಂಬತ್ತು.

ಸಂಜೆ, ಕುಷ್ಟಗಿ ಬಸ್ಸಿಗೆ ಇನ್ನೂ ಹೊತ್ತಿತ್ತು.
ಡೈರಿ ತೆಗೆದೆ.
ಘಟಕ: ಉದ್ದ.
ಬೋಧನೋಪಕರಣ: ಕೈ.
'ಮಕ್ಕಳು ಕಲಿತದ್ದು' ಎಂಬ ಅಂಕಣದ ಮೇಲೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಅಳೆದು ನೋಡಿದೆ.
ಅದರ ಅಗಲ ನನ್ನ ಎರಡು ಬೆರಳು.