ಟ್ರೆಬಲ್ ಎರಡು ಗೆರೆ ಕಡಿಮೆ

ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನೆದುರು
ಮೊದಲ ಸಲ ಬರೆದದ್ದು: ಮೈಕ್ ಸೆಟ್ ಬಾಡಿಗೆ, ಬಾಕಿ ನಾನೂರು.
ಸುಗಂಧಿ ಸಾಲ್ಯಾನ್, ಬಲೆ ಶೆಡ್ಡು, ಮಲ್ಪೆ.

ಬೋಟುಗಳು ದಕ್ಕೆಗೆ ಕಟ್ಟಿಕೊಂಡು ನಿಲ್ಲುವ ಆ ಎರಡು ತಿಂಗಳು
ಶೆಡ್ಡು ಖಾಲಿ. ಕರೆಂಟು ಪಕ್ಕದ ಐಸ್ ಪ್ಲಾಂಟಿನದು.
ಕಂಪ್ರೆಸರ್ ಶುರುವಾದಾಗೆಲ್ಲ ಆಂಪ್ಲಿಫೈಯರ್ ಒಮ್ಮೆ ಬಿಕ್ಕುತ್ತಿತ್ತು;
ಅವಳು ಆ ಬಿಕ್ಕನ್ನೂ ತಾಳಕ್ಕೆ ಸೇರಿಸಿಕೊಂಡಳು.
ಡ್ರಮ್ಮಿಗೆ ಅಣ್ಣ. ಬೇಸ್ ಗಿಟಾರಿಗೆ ಕಲ್ಯಾಣಪುರದ ವಿಲ್ಫಿ,
ಇಗರ್ಜಿ ಮುಗಿಸಿ ಇಸ್ತ್ರಿ ಪ್ಯಾಂಟಿನಲ್ಲೇ ಬರುವವ.

ಹುಡುಗಿ ಹೀಗೆ ಕಿರುಚುದಾ, ಅಂತ ಯಾರೋ ಕೇಳಿದರಂತೆ.
ದಕ್ಕೆಯಲ್ಲಿ ಬಂಗುಡೆ ಏಲಂ ಕೂಗುವ ಅವಳಮ್ಮ
ಬುಟ್ಟಿ ಇಳಿಸದೆ ಹೇಳಿದಳು:
ಗಂಟಲು ನಂದೇ.
ಅದಕ್ಕೆ ವಯರು ಮಾತ್ರ ಅವಳು ಹಾಕಿಸಿಕೊಂಡದ್ದು.

ಉಡುಪಿಯ ಕಾಲೇಜು ಹಾಲಿನಲ್ಲಿ ಮೊದಲ ಶೋ.
ಎರಡನೇ ಹಾಡಿಗೇ ಗಿಟಾರಿನ ತೆಳು ತಂತಿ ತುಂಡು.
ಹೊಸದಕ್ಕೆ ಹಂಪನಕಟ್ಟೆಗೇ ಹೋಗಬೇಕು, ಬಸ್ಸಿಗೆ ಒಂದೂವರೆ ಗಂಟೆ.
ಬ್ಯಾಗಿನಿಂದ ಗಾಳದ ದಾರ ತೆಗೆದು ಬಿಗಿದಳು.
ಅದು ನೈಲಾನ್ ಮಾರಾಯ್ತಿ, ಪಿಕಪ್ಪಿಗೆ ಕಬ್ಬಿಣವೇ ಬೇಕು, ಅಂದೆ,
ಅದು ಮಾತಾಡುವುದಿಲ್ಲ.
ಮಾತಾಡಲಿಲ್ಲ.
ತಂತಿ ನುಂಗಿದ ಸ್ವರಗಳನ್ನೆಲ್ಲ ಅವಳೇ ಬಾಯಲ್ಲಿ ಹಾಡಿದಳು,
ಬೆರಳು ಸುಮ್ಮನೆ ದಾರದ ಮೇಲೆ ಓಡುತ್ತ.
ಆ ರಾತ್ರಿ ನಾನೂರಕ್ಕೆ ಗೆರೆ ಎಳೆದು ಕೆಳಗೆ ಬರೆದೆ:
ಟ್ರೆಬಲ್ ಎರಡು ಗೆರೆ ಕಡಿಮೆ. ಇಲ್ಲದಿದ್ದರೆ ಸ್ಪೀಕರ್ ಹರೀತದೆ.

ಆಮೇಲೆ ಪುಟಗಳು ಬೇಗ ಬೇಗ ತುಂಬಿದವು.
ಸುರತ್ಕಲ್, ಮಡಗಾಂವ್, ಮುಂಬೈಯ ಹೋಟೆಲೊಂದರ ನೆಲಮಾಳಿಗೆ.
ಎರಡು ಸಿ.ಡಿ., ಒಂದರ ಮೇಲೆ ಅವಳ ಹೆಸರೇ ತಪ್ಪು.
ಹಾಡಿನಲ್ಲಿ ಮೀನಿನ ವಾಸನೆ ಬೇಡ, ಅಂದನಂತೆ ಕಂಪೆನಿಯವ;
ಅಡ್ವಾನ್ಸ್ ಮೇಜಿನ ಮೇಲಿಟ್ಟು ರಾತ್ರಿ ಬಸ್ಸಿಗೆ ಬಂದಳು,
ಗಿಟಾರಿಗೂ ಒಂದು ಸೀಟು ಹಿಡಿದು.
ಒಂದು ಪುಟದಲ್ಲಿ ನಾನೇ ಗೀಚಿದ್ದು ಉಂಟು:
ಮದುವೆ ರಿಸೆಪ್ಶನ್. ಯಾರೂ ಕೇಳಲಿಲ್ಲ. ಗೋಬಿ ಮಂಚೂರಿ ಇತ್ತು.

ಮತ್ತೆ ಖಾಲಿ. ಒಂಬತ್ತು ವರ್ಷ.
ಗಂಟಲಲ್ಲಿ ಗಂಟು, ಅಂದರು ಮಣಿಪಾಲದ ಡಾಕ್ಟರು.
ಆರು ತಿಂಗಳು ಸ್ಲೇಟಿನಲ್ಲಿ ಬರೆದು ಮೀನಿಗೆ ಕ್ರಯ ಹೇಳಿದಳು.

ಮೊನ್ನೆ ಫೋನು. ಸೆಟ್ ಉಂಟಾ?
ಸ್ವರ ಗುರುತು ಸಿಗಲಿಲ್ಲ, ಡೀಸೆಲ್ ಕುಡಿದ ಹಾಗೆ ದಪ್ಪ.
ಅದೇ ಶೆಡ್ಡು. ಐಸ್ ಪ್ಲಾಂಟಿಗೆ ಈಗ ಬೇರೆ ಲೈನು, ಬಿಕ್ಕು ಇಲ್ಲ;
ಆದರೂ ಆ ಜಾಗಕ್ಕೆ ಬಂದಾಗ ಅವಳು ಚೂರು ನಿಲ್ಲುತ್ತಾಳೆ.
ಮೇಲಿನ ಸ್ವರ ಬಂತೋ, ಬಾಯಿ ಮುಚ್ಚಿ
ತೆಳು ತಂತಿಯನ್ನು ಮುಂದೆ ಬಿಡುತ್ತಾಳೆ. ಈಗ ಅದರ ಸರದಿ.

ನಾನು ಅವಳಿಗೆ ಹೇಳಿಲ್ಲ:
ಇಷ್ಟು ವರ್ಷ ಸ್ಪೀಕರಿನ ಬದಿ ನಿಂತು
ನನ್ನ ಕಿವಿಗೂ ಮೇಲಿನದು ಬೀಳುವುದಿಲ್ಲ.
ಆ ತಂತಿ ಆಡುವಾಗ ನನಗೆ ಕಂಡದ್ದು ಬೆರಳು ಮಾತ್ರ,
ಮೊದಲ ಶೋದ ಹಾಗೆ.

ಟ್ರೆಬಲ್ ಎಷ್ಟಿಟ್ಟಿದ್ದೀರಿ? ಕೇಳಿದಳು.
ಎರಡು ಗೆರೆ ಜಾಸ್ತಿ.
ಸ್ಪೀಕರ್ ಹರೀತದಲ್ಲ?
ಹರೀಲಿ ಮಾರಾಯ್ತಿ. ಬಾಡಿಗೆಯಲ್ಲಿ ಹಿಡೀತೇನೆ.