ನಾಕು ಕಿಲೋ

ಗುರುಪಾದಪ್ಪ ಹನ್ನೊಂದು ಸಲ ನಡದು ಬಂದಾಂವ.
ಅಂವ ಹೇಳಿದ್ದು ಒಂದ ಮಾತು:
ಶ್ರೀಶೈಲಕ್ಕ ಹೊಂಟ ಗಂಟು ನಾಕು ಕಿಲೋ ದಾಟಬಾರದು,
ದಾಟಿದ್ದನ್ನ ಮೂರನೇ ದಿನ ರಸ್ತೆ ತಾನ ಕಸಗೊಳ್ತೈತಿ.

ನನಗೇನು, ಬೆಟಗೇರಿ ಓಣ್ಯಾಗ
ಇಪ್ಪತ್ತಾರು ವರ್ಷ ತೂಗಿದ ಕೈ.
ರಾತ್ರಿ ಅಂಗಡಿ ಬಾಗಲಾ ಅರ್ಧ ಎಳದು
ಕರೆಂಟಿನ ತಕ್ಕಡಿ ಮುಂದ ಕುಂತೆ.

ಮೊದಲ ಬರೇ ಚೀಲಾ ಇಟ್ಟೆ. ಒಂಬೈನೂರು ಗ್ರಾಂ!
ಒಳಗ ಏನೂ ಇಲ್ಲ, ಆಗಲೇ ಕಾಲುಪಾಲು ಹೋತು.
ಅದನ್ನ ಮೂಲಿಗೆ ಒಗದು
ಶೇಂಗಾ ಬಂದಿದ್ದ ಅರಿವಿ ಚೀಲಕ್ಕ ಎರಡು ಲಾಡಿ ಹೊಲದೆ.
ನೂರಾ ಎಂಬತ್ತು.

ಕಡಕ್ ರೊಟ್ಟಿ ಇಪ್ಪತ್ತು. ಬಿಡಿಬಿಡಿಯಾಗಿ ಹಗರ,
ಒಂದರ ಮ್ಯಾಲೊಂದು ಇಟ್ಟರ ಕಲ್ಲು.
ಹತ್ತಕ್ಕ ಇಳಿಸಿದೆ.
ಶೇಂಗಾ ಹಿಂಡಿ ಪಾವ ಕಿಲೋ. ಇದರಾಗ ಚೌಕಾಸಿ ಇಲ್ಲ.

ಬ್ಯಾಟರಿ ಯಾಕ, ಫೋನಿನಾಗ ಬೆಳಕೈತಿ.
ಫೋನಿಗೆ ಚಾರ್ಜರು, ಚಾರ್ಜರಿಗೆ ಕರೆಂಟು,
ಕರೆಂಟಿಗೆ ಮಂದಿ ಮನಿ.
ಬ್ಯಾಟರಿ ಇರಲಿ.

ಸೀರಿ ಎರಡು. ಸಿಂಥೆಟಿಕ್ ಮುನ್ನೂರೈವತ್ತು,
ನಮ್ಮ ಮಗ್ಗದ್ದು ಆರನೂರು.
ಅಪ್ಪ ಕುಣ್ಯಾಗ ಕಾಲಿಟ್ಟು ನೇಯ್ದ ಮನ್ಯಾಗ ಹುಟ್ಟಿದಾಕಿ ನಾನು,
ಸಿಂಥೆಟಿಕ್ ಹೊರಗ ಇಡಬೇಕಿತ್ತು.
ಆದರ ಬಿಸಲಾಗ ಅದ ಬ್ಯಾಗ ಒಣಗತೈತಿ.

ಸೂಜಿ, ದಾರ. ಗುಳ್ಳಿ ಎದ್ದರ ಒಡೀಬ್ಯಾಡ,
ದಾರಾ ಪೋಣಿಸಿ ಬಿಡು, ನೀರು ತಾನ ಇಳೀತೈತಿ ಅಂದಿದ್ದ.
ಸೂಜಿ ಇಟ್ಟೆ. ತಕ್ಕಡಿ ಸೊನ್ನಿ ಅಂತು.

ಎಲ್ಲಾ ಕೂಡಿ ಮೂರೂವರಿ.
ಅರ್ಧ ಕಿಲೋ ಉಳದೈತಿ, ಎಲಿ ಅಡಕಿ ಚೀಲಾ ಸೇರಸೂಣು
ಅಂತ ಕೈ ಚಾಚೂದರಾಗ
ಯಾರೋ ಬಾಗಲಾ ಬಡದರು.

ತಿಪ್ಪವ್ವ. ಬೆಳ್ಳಿ ತೊಟ್ಟಲಾ, ಹೆಬ್ಬಟ್ಟಿನಷ್ಟು;
ಸೊಸಿ ನಡದು ಬಂದು ಏಳು ವರ್ಷಾತು.
ಅಕಿ ಹಿಂದ ಮೂರು ಮನ್ಯಾವರು, ಒಂದೊಂದು ಬೊಗಸಿ ಹೊಸಾ ಜೋಳ.
ಕಾಶಪ್ಪನ ಮಗ ಹಾಲ್‌ಟಿಕೆಟ್ಟಿನ ಝೆರಾಕ್ಸು ಮಡಚಿ ಕೊಟ್ಟ:
ಮಲ್ಲಯ್ಯಗ ತೋರಸಿ ವಾಪಸ್ ತರ್ರಿ.
ದಾವಲಬಿ ಎಣ್ಣಿ ಬಾಟ್ಲಿ ತಂದಳು.
ದೇವರಿಗಲ್ಲ, ಅಂದಳು, ನಿಮ್ಮ ಮೊಣಕಾಲಿಗೆ.
ಕಡೀಗೆ ಈರಪ್ಪ, ಹಳದಿ ಅರಿವ್ಯಾಗ ಐದು ರೂಪಾಯಿ.
ನನ್ನ ಉದ್ರಿ ಪುಸ್ತಕದಾಗ ಅವನ ಬಾಕಿ ಆರನೂರಾ ನಲವತ್ತು.
ದೇವರಿಗೆ ಮಾತ್ರ ರೋಖಾ.

ಮಂದಿದು ಅಷ್ಟೂ ತೂಗಿದೆ. ಎಂಟನೂರಾ ಇಪ್ಪತ್ತು.

ಯಾರದು ಹೊರಗ ತಗೀಲಿ?
ಬೊಗಸಿ ಜೋಳದಾಗ ಒಂದು ಹಿಡಿ ಕಡಿಮಿ ಮಾಡಿದರ
ಯಾರಿಗೆ ಗೊತ್ತಾಗತೈತಿ.
ನನಗ ಗೊತ್ತಾಗತೈತಿ.

ಮಗ್ಗದ ಸೀರಿ ತಗದು ಉಟಗೊಂಡೆ.
ಮೈಮ್ಯಾಲಿಂದು ಗಂಟಿನ ಲೆಕ್ಕಕ್ಕಿಲ್ಲ.
ಇಪ್ಪತ್ತಾರು ವರ್ಷದಾಗ ತೂಕದಾಗ ಇದು ಮೊದಲನೇ ಮೋಸ,
ಅನ್ನಬೇಕಿತ್ತು. ಅಲ್ಲ.

ನಸಕಿನ್ಯಾಗ ಕಂಬಿ ಏಳೂಮುಂದ
ಕೀಲಿಕೈ ಗೊಂಚಲಾ ಕೈಯಾಗ ಉಳೀತು.
ಓಣಿ ಮಂದಿಯೆಲ್ಲಾ ನಿಂತಿದ್ದರು.
ಈರಪ್ಪನ್ನ ಕರದೆ:
ನಿನ್ನ ನಾಣ್ಯೇ ನಾ ಹೊರತೀನಿ, ಅಂಗಡಿ ನೀ ಹೊರು.

ಅಂವ ಗೊಂಚಲಾ ಇಸಗೊಂಡು
ಬರೇ ಕೈಯಾಗ ತೂಗಿ ನೋಡಿದ.